ಕಲಿಯೋಕೆ ಗಂಡುವೇಷ

ಅಕ್ಕಂದಿರೇ, ನಾವು ಸಂಜೆ ಪಾಠಕ್ಕೆ ಹೊರಟರೆ ಕೆಲವರು ಕೇಳ್ತಾರೆ, "ಹೆಂಗಸರಿಗೆ ಓದು ಯಾಕೆ?" ಈ ಮಾತು ನಮ್ಮೂರಲ್ಲಿ ಮಾತ್ರ ಅಲ್ಲ. ದೂರದ ದೇಶಗಳಲ್ಲೂ ಇತ್ತು. ಬನ್ನಿ, ಒಬ್ಬ ಹೆಣ್ಣುಮಗಳ ಕತೆ ಓದೋಣ.

ಯುರೋಪಿನಲ್ಲಿ ಪೋಲೆಂಡ್ ಅಂತ ಒಂದು ದೇಶ ಇದೆ. ಅಲ್ಲಿನ ಕ್ರಾಕೋವ್ ಊರಲ್ಲಿ 1891ರಲ್ಲಿ ಜೋಫಿಯಾ ಹುಟ್ಟಿದಳು. ಅಪ್ಪ ಕೈಗವಸಿನ ವ್ಯಾಪಾರಿ. ಕೈಗವಸು ಅಂದರೆ ಚಳಿಗೆ ಕೈಗೆ ಹಾಕೋ ಚೀಲ. ಜೋಫಿಯಾಗೆ ಚಿತ್ರ ಬರೆಯೋದು ಅಂದರೆ ಪ್ರಾಣ.

ಜರ್ಮನಿ ದೇಶದ ಮ್ಯೂನಿಕ್ ನಗರದಲ್ಲಿ ದೊಡ್ಡ ಚಿತ್ರಕಲಾ ಶಾಲೆ ಇತ್ತು. ಅಲ್ಲಿ ಗಂಡಸರಿಗೆ ಮಾತ್ರ ಪ್ರವೇಶ. ಜೋಫಿಯಾ ಸುಮ್ಮನೆ ಕೂರಲಿಲ್ಲ. 1911ರಲ್ಲಿ ಕೂದಲು ಕತ್ತರಿಸಿಕೊಂಡಳು. ಗಂಡಸರ ಬಟ್ಟೆ ತೊಟ್ಟಳು. ತದೇವುಶ್ ಅಂತ ಗಂಡು ಹೆಸರು ಬರೆಸಿದಳು. ಶಾಲೆಗೆ ಸೇರಿಯೇ ಬಿಟ್ಟಳು! ಸುಮಾರು ಒಂದು ವರ್ಷ ಕಲಿತಳು. ಆಮೇಲೆ ಜೊತೆಯವರಿಗೆ ಅನುಮಾನ ಬಂತು. ಊರಿಗೆ ವಾಪಸ್ಸು ಬಂದಳು.

ಆದರೂ ಕುಂಚ ಕೆಳಗಿಡಲಿಲ್ಲ. ಮದುವೆ ಆಯ್ತು, ಮೂರು ಮಕ್ಕಳಾದವು. ಹಳ್ಳಿ ಜನರ ಹಬ್ಬ, ಕುಣಿತ, ಬಣ್ಣದ ಉಡುಗೆ ಇವನ್ನೆಲ್ಲ ಬರೆದಳು. 1925ರಲ್ಲಿ ಪ್ಯಾರಿಸ್ ನಗರದ ದೊಡ್ಡ ಪ್ರದರ್ಶನದಲ್ಲಿ ಅವಳ ಚಿತ್ರಗಳಿಗೆ ಬಹುಮಾನಗಳು ಬಂದವು. ಜೋಫಿಯಾ ಸ್ಟ್ರಿಯೆನ್ಸ್ಕಾ ಅನ್ನೋ ಹೆಸರು ಮನೆಮಾತಾಯ್ತು. 1976ರಲ್ಲಿ ತೀರಿಕೊಂಡಳು.

ಮ್ಯೂನಿಕ್ ಶಾಲೆಯ ಬಾಗಿಲು ಹೆಂಗಸರಿಗೆ ತೆರೆದದ್ದು 1920ರಲ್ಲಿ.

ಕಲಿಯೋಕೆ ಜೋಫಿಯಾ ತನ್ನ ಹೆಸರನ್ನೇ ಮುಚ್ಚಿಡಬೇಕಾಯ್ತು. ನಾವು ಹಾಗೆ ಮಾಡಬೇಕಾಗಿಲ್ಲ. ಪುಸ್ತಕದ ಮೇಲೆ ನಮ್ಮ ಹೆಸರನ್ನೇ ಬರೆಯೋಣ.

ಉತ್ತರ ಹೇಳಿ:
1. ಜೋಫಿಯಾ ಗಂಡುವೇಷ ಯಾಕೆ ಹಾಕಿದಳು?
2. ನೀವು ಕಲಿಯೋಕೆ ಯಾರು ಅಡ್ಡಿ ಮಾಡಿದರು? ಯಾರು ನೆರವಾದರು?
3. ನಿಮ್ಮ ಪೂರ್ತಿ ಹೆಸರು ಬರೆಯಿರಿ.