ಹಳೆ ಮಿನಿ ಟ್ರ್ಯಾಕ್ಟರಿಗೆ ಹಿಂದಿನ ಲಿಂಕ್: ಬೋಲ್ಟ್ ಹಾಕಿ, ವೆಲ್ಡಿಂಗ್ ಬೇಡ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹಳೆಯ ಮಿನಿ ಟ್ರ್ಯಾಕ್ಟರಿಗೆ ಈಗಲೂ ಬೆಲೆ ಇದೆ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನೊಳಗೆ ನುಗ್ಗಲು, ತೆಂಗಿನ ತೋಟ ಉಳಲು, ಈರುಳ್ಳಿ ಹೊಲ ಹದ ಮಾಡಲು ದೊಡ್ಡ ಗಾಡಿಗಿಂತ ಇದೇ ಅನುಕೂಲ. ಆದರೆ ಸೆಕೆಂಡ್ ಹ್ಯಾಂಡಿನಲ್ಲಿ ಬರುವ ಎಷ್ಟೋ ಗಾಡಿಗಳಿಗೆ ಹಿಂದಿನ ಮೂರು ಲಿಂಕ್ ಇರುವುದೇ ಇಲ್ಲ. ಹಿಂದಿನ ಮಾಲೀಕರು ಬರೀ ಟ್ರೇಲರ್, ನೀರಿನ ಟ್ಯಾಂಕರ್ ಎಳೆಸಿ, ಲಿಂಕ್ ಬಿಚ್ಚಿ ಗುಜರಿಗೆ ಹಾಕಿರುತ್ತಾರೆ. ಕೊಂಡವರು ಗಾಡಿಯನ್ನು ನೇರ ವೆಲ್ಡಿಂಗ್ ಶಾಪಿಗೆ ಒಯ್ಯುತ್ತಾರೆ. ಎಡವುವುದು ಅಲ್ಲೇ.

ಮೂರು ಲಿಂಕಿನ ಈ ಏರ್ಪಾಡು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಅವರದು. 1939ರ ಫೋರ್ಡ್-ಫರ್ಗ್ಯುಸನ್ ಗಾಡಿಯಿಂದ ಅದು ಹೆಸರಾಯಿತು. ಕೆಳಗಿನ ಎರಡು ಲಿಂಕ್ ಉಪಕರಣವನ್ನು ಎಳೆಯುತ್ತವೆ, ಮೇಲಿನ ಟಾಪ್ ಲಿಂಕ್ ಗಾಡಿಯ ಮೂತಿ ಮೇಲೇಳದಂತೆ ತಡೆಯುತ್ತದೆ. ಉಳುಮೆಯ ಅಷ್ಟೂ ಹೊರೆ ಹಿಂದಿನ ಹೌಸಿಂಗಿನ ಕೆಲವೇ ಬೋಲ್ಟುಗಳ ಮೇಲೆ ಬೀಳುತ್ತದೆ ಎಂಬುದು ನೆನಪಿರಲಿ.

1. ಮೊದಲು ಲಿಫ್ಟ್ ಪರೀಕ್ಷಿಸಿ

ಲಿಂಕ್ ಕೊಳ್ಳುವ ಮೊದಲೇ ಈ ಕೆಲಸ ಆಗಬೇಕು. ಹೈಡ್ರಾಲಿಕ್ ಆಯಿಲ್ ಮಟ್ಟ ನೋಡಿ. ಬಹಳಷ್ಟು ಗಾಡಿಗಳಲ್ಲಿ ಗೇರ್ ಬಾಕ್ಸಿನ ಆಯಿಲೇ ಲಿಫ್ಟಿಗೂ ಕೆಲಸ ಮಾಡುತ್ತದೆ. ಎರಡೂ ಲಿಫ್ಟ್ ಆರ್ಮಿಗೆ ಸರಪಳಿಯಲ್ಲಿ ಒಂದೊಂದು ಮರಳು ಚೀಲ ಕಟ್ಟಿ ಎತ್ತಿಸಿ. ಎಂಜಿನ್ ನಿಲ್ಲಿಸಿ, ಆರ್ಮ್ ಇರುವ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹತ್ತು ನಿಮಿಷ ಬಿಡಿ. ಚೀಲ ಸರಸರನೆ ಇಳಿದುಬಂದರೆ ಒಳಗೆ ಪಿಸ್ಟನ್ ಸೀಲೋ ವಾಲ್ವೋ ಸವೆದಿದೆ. ಅದನ್ನು ಸರಿಮಾಡಿಸದೆ ಮುಂದಕ್ಕೆ ಹೋಗಬೇಡಿ.

ಲಿಫ್ಟಿಗೆ ಬಲ ಇರುವುದು ಎತ್ತುವಾಗ ಮಾತ್ರ. ಇಳಿಯುವುದು ಉಪಕರಣದ ತೂಕದಿಂದ. ಖಾಲಿ ಆರ್ಮ್ ತಾನಾಗಿ ಕೆಳಗೆ ಬರದಿದ್ದರೆ ಕೆಟ್ಟಿದೆ ಎಂದು ಬಿಚ್ಚಿಸಲು ಹೋಗಬೇಡಿ.

2. ಪಿನ್ನಿನ ಅಳತೆ ತೆಗೆದುಕೊಳ್ಳಿ

ಕಣ್ಣಳತೆ ಸಾಲದು, ವರ್ನಿಯರ್ ಬೇಕು. ಒಂದನೇ ವರ್ಗದ ಲಿಂಕಿಗೆ ಕೆಳಗಿನ ಪಿನ್ 22 ಮಿ.ಮೀ., ಟಾಪ್ ಲಿಂಕಿನ ಪಿನ್ 19 ಮಿ.ಮೀ. ತೀರಾ ಚಿಕ್ಕ ಗಾಡಿಗಳ ಸೊನ್ನೆ ವರ್ಗದಲ್ಲಿ 16 ಮಿ.ಮೀ. ದೊಡ್ಡ ತೂತಿಗೆ ಸಣ್ಣ ಪಿನ್ ಹಾಕಿದರೆ ಗಡಗಡ ಅಲ್ಲಾಡಿ ತೂತೇ ಮೊಟ್ಟೆಯಾಕಾರ ಆಗುತ್ತದೆ. ಹೊಂದದಿದ್ದರೆ ಸರಿಯಾದ ಬುಷ್ ಹಾಕಿಸಿ. ಬಿಡಿಭಾಗದ ಅಂಗಡಿಗೆ ಗಾಡಿಯ ಮಾಡೆಲ್ ಬರೆದುಕೊಂಡು, ಹಳೆಯ ಪಿನ್ ಇದ್ದರೆ ಅದನ್ನೂ ಕೈಯಲ್ಲಿ ಹಿಡಿದು ಹೋಗಿ.

3. ಹೌಸಿಂಗಿಗೆ ವೆಲ್ಡಿಂಗ್ ಬೇಡವೇ ಬೇಡ

ಈ ಲೇಖನ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ‘ಬ್ರಾಕೆಟ್ ತಾನೆ, ಎರಡು ರಾಡ್ ಹೊಡೆದರೆ ಆಯ್ತು’ ಎಂದು ಹಿಂದಿನ ಹೌಸಿಂಗಿಗೇ ಬೆಸುಗೆ ಹಾಕಿಸಿದ ಗಾಡಿಗಳನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಹೌಸಿಂಗ್ ಬೀಡು ಕಬ್ಬಿಣದ್ದು. ಸಾಮಾನ್ಯ ರಾಡಿನಲ್ಲಿ ಬೆಸೆದಾಗ ಬೆಸುಗೆಯ ಅಂಚು ಗಾಜಿನಷ್ಟು ಬಿರುಸಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅವತ್ತಿಗೆ ಏನೂ ಕಾಣುವುದಿಲ್ಲ. ಕಲ್ಟಿವೇಟರಿನ ಹಲ್ಲು ಕಲ್ಲಿಗೋ ತೆಂಗಿನ ಬೇರಿಗೋ ಸಿಕ್ಕಿ ಜಗ್ಗಿದ ದಿನ ಬ್ರಾಕೆಟ್ ಹೌಸಿಂಗಿನ ಚೂರಿನ ಸಮೇತ ಕಿತ್ತುಬರುತ್ತದೆ. ಆಮೇಲೆ ಹೌಸಿಂಗೇ ಹೊಸದು ಬೇಕು. ಹಳೆ ಗಾಡಿಗೆ ಅದು ಸುಲಭವಾಗಿ ಸಿಗುವುದೂ ಇಲ್ಲ.

ಹಾನಿ ಇಷ್ಟಕ್ಕೇ ಮುಗಿಯುವುದಿಲ್ಲ. ಕಾವಿಗೆ ಆಯಿಲ್ ಸೀಲ್ ಸುಟ್ಟು ಸೋರಲು ಶುರುವಾಗುತ್ತದೆ. ಅರ್ಥ್ ಕ್ಲಾಂಪನ್ನು ಮುಂದೆಲ್ಲೋ ಸಿಕ್ಕಿಸಿದ್ದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದರ ಮೈಯೆಲ್ಲ ಚುಕ್ಕೆ ಬೀಳುತ್ತದೆ. ಬ್ಯಾಟರಿ ತಂತಿ ಬಿಚ್ಚದಿದ್ದರೆ ಆಲ್ಟರ್ನೇಟರ್ ಹೋಗುತ್ತದೆ. ‘ನಿಕ್ಕಲ್ ರಾಡ್ ಹಾಕುತ್ತೇನೆ’ ಎನ್ನುವವರೂ ಇದ್ದಾರೆ. ಬೀಡಿಗೆ ಅದು ಸರಿಯಾದ ರಾಡೇ. ಆದರೆ ಲೋಹವನ್ನು ಹದವಾಗಿ ಕಾಯಿಸಿ, ಬೆಸೆದು, ನಿಧಾನಕ್ಕೆ ಆರಿಸಬೇಕು. ಒಳಗೆ ಆಯಿಲ್ ತುಂಬಿ ನಿಂತ ಗಾಡಿಯ ಮೇಲೆ ಅದು ಆಗುವ ಕೆಲಸವಲ್ಲ.

ದಾರಿ ಸುಲಭವಿದೆ. ಲಿಂಕ್ ಸಮೇತ ಬಂದ ಗಾಡಿಯಾದರೆ ಕಂಪನಿಯವರು ಕೊಟ್ಟ ಬೋಲ್ಟ್ ತೂತು ಇದ್ದೇ ಇರುತ್ತದೆ. ವರ್ಷಾನುಗಟ್ಟಲೆ ಕೂತ ಗ್ರೀಸು, ಮಣ್ಣಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ ಅಷ್ಟೆ. ಡೀಸೆಲ್ ಹಚ್ಚಿ ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೂತು ಹುಡುಕಿ, ಟ್ಯಾಪ್ ಇಳಿಸಿ ಥ್ರೆಡ್ ಶುದ್ಧ ಮಾಡಿ. ಥ್ರೆಡ್ ಹೋಗಿದ್ದರೆ ಲೇತಿನವರಿಂದ ಥ್ರೆಡ್ ಇನ್ಸರ್ಟ್ ಹಾಕಿಸಿ. ಬ್ರಾಕೆಟ್ಟಿಗೆ ಬೆಸುಗೆ ಬೇಕೇ ಬೇಕಿದ್ದರೆ ಅದನ್ನು ಬಿಚ್ಚಿ ಟೇಬಲ್ಲಿನ ಮೇಲೆ ಬೆಸೆಸಿ, ಆಮೇಲೆ ಬೋಲ್ಟಿನಲ್ಲಿ ಕೂರಿಸಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಮೇಲಿನ ಅಂಕಿ ಒತ್ತಿರಬೇಕು. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೆ ಸರಿ, ಲಿಂಕಿಗಲ್ಲ.

4. ಲಿಂಕ್ ಜೋಡಣೆ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಕೆಳಗಿನ ಎರಡು ಲಿಂಕ್ ಕೂರಿಸಿ ಲಿಫ್ಟ್ ರಾಡಿಗೆ ಸೇರಿಸಿ. ಸಾಮಾನ್ಯವಾಗಿ ಎಡಗಡೆಯ ರಾಡ್ ಉದ್ದ ಬದಲಾಗದು, ಬಲಗಡೆಯದನ್ನು ತಿರುಗಿಸಿ ಹೊಂದಿಸಬಹುದು. ಶುರುವಿಗೆ ಎರಡೂ ಒಂದೇ ಉದ್ದ ಇರಲಿ. ಲಿಂಕ್ ಅತ್ತಿತ್ತ ತೂಗಿ ಟೈರಿಗೆ ತಾಗದಂತೆ ಚೆಕ್ ಚೈನ್ ಹಾಕಿ. ಕಲ್ಟಿವೇಟರಿಗೆ ಒಂದೆರಡು ಇಂಚು ಸಡಿಲ ಇರಬಹುದು, ರೋಟವೇಟರಿಗೆ ಬಿಗಿಯಾಗಿರಬೇಕು.

ಪಿನ್ನುಗಳಿಗೆ ಲಾಕ್ ಕ್ಲಿಪ್ಪನ್ನೇ ಹಾಕಿ. ಮೊಳೆ ಬಾಗಿಸಿ ಸಿಕ್ಕಿಸುವುದು, ಬೈಂಡಿಂಗ್ ವೈರ್ ಸುತ್ತುವುದು ನಮ್ಮಲ್ಲಿ ಎಲ್ಲೆಡೆ ಕಾಣುತ್ತದೆ. ಇದು ಅಪಾಯಕ್ಕೆ ಆಹ್ವಾನ.

5. ಉಪಕರಣ ಕಟ್ಟುವುದು

ಮೊದಲು ಎಡ ಲಿಂಕ್, ಆಮೇಲೆ ಬಲ ಲಿಂಕ್, ಕೊನೆಗೆ ಟಾಪ್ ಲಿಂಕ್. ಬಿಚ್ಚುವಾಗ ಇದಕ್ಕೆ ತಿರುಗುಮುರುಗು. ಉಪಕರಣ ಎಡಬಲಕ್ಕೆ ಓರೆಯಾದರೆ ಬಲ ರಾಡ್ ತಿರುಗಿಸಿ, ಹಿಂದೆಮುಂದೆ ಓರೆಯಾದರೆ ಟಾಪ್ ಲಿಂಕ್ ತಿರುಗಿಸಿ.

ರೋಟವೇಟರ್ ಆದರೆ ಪಿ.ಟಿ.ಒ. ಶಾಫ್ಟಿನ ಉದ್ದ ನೋಡಲೇಬೇಕು. ಎಂಜಿನ್ ನಿಲ್ಲಿಸಿಯೇ ಅಳತೆ ಮಾಡಿ. ಲಿಫ್ಟ್ ಯಾವ ಮಟ್ಟದಲ್ಲಿದ್ದರೂ ಶಾಫ್ಟ್ ಒಳಗೆ ತಳ ಮುಟ್ಟಬಾರದು, ಕಳಚಿಯೂ ಬರಬಾರದು. ಮೇಲಿನ ಗಾರ್ಡ್ ತೆಗೆಯಬೇಡಿ. ಪಂಚೆ, ಟವೆಲ್ಲು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗದು. ಅಡಿಕೆ ಬುಡದ ಹತ್ತಿರ ಆಳ ಕಮ್ಮಿ ಇರಲಿ, ಬೇರು ಕತ್ತರಿಸುತ್ತದೆ.

ಕೊನೆಯದಾಗಿ

ಭಾರ ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಕೇಳದಿದ್ದರೆ ಮುಂದೆ ತೂಕ ಹಾಕಿ. ಟಾಪ್ ಲಿಂಕ್ ಬ್ರಾಕೆಟ್ಟಿಗೆ ಹಗ್ಗ ಕಟ್ಟಿ ಏನನ್ನೂ ಎಳೆಯಬೇಡಿ, ಗಾಡಿ ಹಿಂದಕ್ಕೆ ಮಗುಚುತ್ತದೆ. ಎತ್ತಿದ ಉಪಕರಣದ ಅಡಿಗೆ ನುಸುಳಬೇಡಿ. ಮೊದಲ ಒಂದು ಗಂಟೆ ಕೆಲಸ ಆದ ಮೇಲೆ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ. ಹೊಸ ರೋಟವೇಟರ್ ಕೊಳ್ಳುವ ಮುನ್ನ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ನಿಮ್ಮ ಗಾಡಿಗೆ ಹೊಂದುವಂಥದ್ದು ಇದ್ದರೆ ಬಾಡಿಗೆಗೆ ತಂದು ಒಂದು ದಿನ ಓಡಿಸಿ ನೋಡಿ. ನಿಮ್ಮ ಗಾಡಿ ಎಷ್ಟು ತಾಳುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.