ಪ್ರಕ್ರಿಯೆಗಳನ್ನು ಬೆಸೆಯುವ ಮಾಡ್ಯೂಲ್: ನಿರ್ವಾಹಕರಿಗೊಂದು ಕಿವಿಮಾತು

ಒಂದೇ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮುಗಳು, ಅಂದರೆ ಪ್ರಕ್ರಿಯೆಗಳು, ಪೈಪ್, ಸಾಕೆಟ್, ಹಂಚಿಕೆಯ ಮೆಮೊರಿಗಳ ಮೂಲಕ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತವೆ. ಇದನ್ನು ಸುಲಭವಾಗಿಸುವ ಪರ್ಲ್ ಭಾಷೆಯ ಮಾಡ್ಯೂಲುಗಳು 1995ರಲ್ಲಿ ಆರಂಭವಾದ ಸಿಪ್ಯಾನ್ ಭಂಡಾರದಲ್ಲಿ ಮುಕ್ತವಾಗಿ ಸಿಗುತ್ತವೆ. ಇಂಥ ಮಾಡ್ಯೂಲಿನ ಜೀವಾಳ ಅದರ ಪರೀಕ್ಷೆಗಳು. ಉದಾಹರಣೆಗೆ, ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ತುಂಬಿದರೆ ಬರೆಯುವ ಪ್ರಕ್ರಿಯೆ ಕಾಯುತ್ತದೆ. ಓದಬೇಕಾದ ಪ್ರಕ್ರಿಯೆಯೂ ಬರೆಯುವುದು ಮುಗಿಯಲೆಂದು ಕಾಯುತ್ತಿದ್ದರೆ ಎರಡೂ ಸ್ತಬ್ಧ. ಚಿಕ್ಕ ಸಂದೇಶಗಳಲ್ಲಿ ಈ ದೋಷ ಕಾಣದು. ಲಕ್ಷ ಬೈಟ್ ದಾಟುವ ಸಂದೇಶವನ್ನೂ ಹಾಯಿಸಿ ನೋಡಬೇಕು. ಸಿಸ್ಟಮ್ ಫೈವ್ ಮಾದರಿಯ ಹಂಚಿಕೆಯ ಮೆಮೊರಿ ಪ್ರಕ್ರಿಯೆ ಮುಗಿದ ಮೇಲೂ ಉಳಿಯುತ್ತದೆ, ಆದ್ದರಿಂದ ಪರೀಕ್ಷೆಯೇ ಅದನ್ನು ಅಳಿಸಬೇಕು. ಪರವಾನಗಿ, ಬದಲಾವಣೆಗಳ ಪಟ್ಟಿ ಮಾಡ್ಯೂಲಿನ ಜೊತೆಗಿರಲಿ. ಬಿಡುವಿಲ್ಲದಾಗ ಮಾಡ್ಯೂಲನ್ನು ಸದ್ದಿಲ್ಲದೆ ಕೈಬಿಡುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ಸಹನಿರ್ವಾಹಕರನ್ನು ನೇಮಿಸುವ ವ್ಯವಸ್ಥೆ ಸಿಪ್ಯಾನ್‌ನಲ್ಲೇ ಇದೆ, ಕಾಲ ಮೀರುವ ಮುನ್ನ ಅದನ್ನು ಬಳಸಿಕೊಳ್ಳಬೇಕು.