ಡ್ಯಾಂಪರ್ ಬದಲಿಸುವ ಮುನ್ನ

ಅಮೆರಿಕದಲ್ಲಿರುವ ನೀವು ಸಸ್ಪೆನ್ಷನ್ ಎತ್ತರಿಸಿದ ಹಳೆಯ ರ‍್ಯಾಮ್ 2500 ಅಥವಾ ಫೋರ್ಡ್ ಎಫ್-250 ಕೊಂಡಿದ್ದೀರಾ? ಹೆದ್ದಾರಿಯಲ್ಲಿ ಸ್ಟಿಯರಿಂಗ್ ಗಡಗಡ ನಡುಗಿತೆಂದು ತಕ್ಷಣ ಸ್ಟಿಯರಿಂಗ್ ಡ್ಯಾಂಪರ್ ಬದಲಿಸಲು ಹೋಗಬೇಡಿ. ಅದು ನಡುಕವನ್ನು ಕೆಲಕಾಲ ಅಡಗಿಸುತ್ತದೆ, ಅಷ್ಟೇ. ಸವೆದ ಭಾಗ ಸವೆಯುತ್ತಲೇ ಇರುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಅಡೆ ಕೊಡಿ. ಎಂಜಿನ್ ಚಾಲೂ ಇರಲಿ. ಒಬ್ಬರು ಸ್ಟಿಯರಿಂಗನ್ನು ತುಸುವೇ ಎಡಬಲಕ್ಕೆ ಆಡಿಸಲಿ. ನೀವು ಪಕ್ಕದಿಂದ ಬಗ್ಗಿ, ಮುಂದಿನ ಆಕ್ಸಲನ್ನು ಚೌಕಟ್ಟಿಗೆ ಅಡ್ಡಲಾಗಿ ಕಟ್ಟುವ ಟ್ರ್ಯಾಕ್ ಬಾರ್‌ನ ಎರಡೂ ತುದಿ ನೋಡಿ. ಬೋಲ್ಟ್ ತನ್ನ ತೂತಿನೊಳಗೆ ಕೂದಲೆಳೆಯಷ್ಟು ಅಲುಗಿದರೂ ಕಳ್ಳ ಸಿಕ್ಕಂತೆ. ಟೈ ರಾಡ್ ತುದಿ, ಬಾಲ್ ಜಾಯಿಂಟ್‌ಗಳನ್ನೂ ಬಿಡಬೇಡಿ. ಎಲ್ಲ ಬಿಗಿಯಾಗಿದ್ದೂ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರವಾಗದಿದ್ದರೆ, ಎತ್ತರಿಸುವಾಗ ಕ್ಯಾಸ್ಟರ್ ಕೋನ (ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ಬಾಗಿರುವ ಓರೆ) ತಗ್ಗಿರಬಹುದು. ಅಲೈನ್‌ಮೆಂಟ್ ಮಾಡಿಸಿ, ಅಳತೆಯ ಚೀಟಿ ಕೇಳಿ ಪಡೆಯಿರಿ. ದೋಷ ಸರಿಯಾಗುವ ತನಕ ಗಾಡಿಯನ್ನು ಹೆದ್ದಾರಿಗೆ ಇಳಿಸಬೇಡಿ, ಮಕ್ಕಳು ಜೊತೆಗಿದ್ದಾಗಂತೂ ಬೇಡವೇ ಬೇಡ.